ಸೂಪರ್‌ವೈಸರನ ಚಹಾ

ಆಸ್ಪತ್ರೆಗಳಿಗೆ ನಮ್ಮಂಥ ಗುತ್ತಿಗೆ ಲ್ಯಾಬ್ ಸಿಬ್ಬಂದಿಯನ್ನು ಒದಗಿಸುವ ಕಂಪನಿಯಲ್ಲಿ ಆತ ಸೂಪರ್‌ವೈಸರ್. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕು ಬೈಕಿನ ಮೇಲೆ ತಿರುಗುತ್ತಿದ್ದ. ಯಾರನ್ನಾದರೂ ಕೆಲಸದಿಂದ ತೆಗೆಯುವುದಿದ್ದರೆ ಗೇಟಿನ ಹೊರಗಿನ ಹೋಟೆಲಿಗೆ ಕರೆದೊಯ್ದು, ‘ಮೊದಲ ಚಹಾ ಕುಡೀರಿ’ ಅನ್ನುತ್ತಿದ್ದ. ಕುಡಿದಾದ ಮೇಲೆ ಅವರ ಐಡಿ ಕಾರ್ಡು ಇಸಿದುಕೊಂಡು, ಕರವಸ್ತ್ರದಿಂದ ಒರೆಸಿ ಜೇಬಿಗಿಡುತ್ತಿದ್ದ. ಅವನ ಚಹಾ ಅಂದರೆ ಕೆಲಸ ಹೋಯಿತು ಅಂತಲೇ ನಮಗೆಲ್ಲ ಅರ್ಥ.

ಹೋದ ವರ್ಷ ಆಳಂದದಲ್ಲಿ ನನ್ನನ್ನು ಕರೆದ. ಚಹಾ ಬಂತು. ನಾನು ಮುಟ್ಟಲಿಲ್ಲ.

‘ಮೊದಲ ಚಹಾ ಕುಡೀರಿ’ ಅಂದ. ‘ಈ ಸಲ ಕಂಪನಿಗೆ ಲಾಭ ಛಲೋ ಆಗ್ಯಾದರಿ. ಆದ್ರ ಮುಂದ ಅಂದುಕೊಂಡಷ್ಟು ಬೆಳೆಯೂದಿಲ್ಲಂತ ಮ್ಯಾಲಿನವರು ಅಂದಾಜು ಇಳಿಸ್ಯಾರ. ನಿಮ್ಮ ಲ್ಯಾಬಿನಾಗ ಇಬ್ಬರಿದ್ದೀರಿ, ಒಬ್ಬರೇ ಸಾಕಂತ.’

‘ಲಾಭ ಆದ್ರೂ ಯಾಕ್ರಿ?’

‘ನನಗೂ ತಿಳಿಯಂಗಿಲ್ಲರಿ. ಯಾರನ್ನ ತೆಗೀಬೇಕಂತ ಅವರು ಬರದಿಲ್ಲ. ನೀವ ಹೇಳ್ರಿ.’

ನನ್ನ ಜೋಡಿ ಕೆಲಸ ಮಾಡುವ ನಿಂಬರ್ಗಾದ ಹೆಣ್ಣುಮಗಳ ಹೆಸರು ಹೇಳಿದೆ. ಆತ ನನ್ನ ಮುಖ ನೋಡಲಿಲ್ಲ. ಮೊಬೈಲಿನಲ್ಲಿ ಅವಳ ನಂಬರು ಹುಡುಕುತ್ತ, ಹೋಟೆಲಿನವನಿಗೆ ಇನ್ನೊಂದು ಚಹಾ ಹೇಳಿದ.

ಅಷ್ಟರಲ್ಲಿ ನಾನು ನನ್ನದನ್ನು ಕುಡಿದು ಮುಗಿಸಿದ್ದೆ.