ಒಂದು ರೂಪಾಯಿ ಜಾಸ್ತಿ

ನಮ್ಮಕ್ಕ ಪುಟ್ಟತಾಯಮ್ಮ ಯಾರ ಮನೆಗೂ ಬರಿಗೈಯಲ್ಲಿ ಹೋದವಳಲ್ಲ. ಗುಬ್ಬಿಯ ಆಸ್ಪತ್ರೆಗೆ ರಕ್ತ ಪರೀಕ್ಷೆಗೆ ಹೋದರೂ ಸೂಜಿ ಚುಚ್ಚುವ ನರ್ಸಮ್ಮನಿಗೆ ಎರಡು ತೆಂಗಿನಕಾಯಿ ಒಯ್ಯುತ್ತಾಳೆ. ಕಾಯಿ ತೆಗೆದುಕೊಂಡ ಮೇಲೂ ಅವರು ಚುಚ್ಚುತ್ತಾರೆ, ಇವಳು ಮುಂದಿನ ಸಲ ಮತ್ತೆ ಒಯ್ಯುತ್ತಾಳೆ. ನಾನು ಅವಳ ತಂಗಿ. ತುಮಕೂರಿನಲ್ಲಿದ್ದೇನೆ, ಅಂತರಸನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಕ್ಕನಂಥ ಅಕ್ಕ ಇದ್ದಿದ್ದರೆ ಅವರಿಗೂ ಅಲ್ಲೇ ಇರುತ್ತಿತ್ತು.

ನಿಟ್ಟೂರಿನಲ್ಲಿ ರೈಲ್ವೆ ಸ್ಟೇಷನ್ ಕಡೆ ಹೋಗುವ ರಸ್ತೆಯಲ್ಲಿ ಅವಳದೊಂದು ತಟ್ಟೆ ಇಡ್ಲಿ ಹೋಟೆಲ್ಲು. ಹೋಟೆಲ್ಲು ಅಂದರೆ ಶೀಟಿನ ಮಾಡು, ಎರಡು ಬೆಂಚು, ಒಂದು ಗ್ಯಾಸ್ ಒಲೆ. ಭಾವ ತೀರಿಕೊಂಡಾಗ ಮಗಳು ಚೈತನ್ಯ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಅಕ್ಕ ಆ ಒಲೆಯ ಮುಂದೆಯೇ ನಿಂತು ಅವಳನ್ನು ಬಿ.ಕಾಂ. ಓದಿಸಿದಳು, ಮದುವೆ ಮಾಡಿದಳು. ಆ ನಡುವೆ ಸುತ್ತಲ ಹಳ್ಳಿಗಳ ಒಂದು ಮದುವೆಗೂ ಮುಯ್ಯಿ ತಪ್ಪಿಸಲಿಲ್ಲ.

ಮುಯ್ಯಿ ಅಂದರೆ ನಮ್ಮ ಕಡೆ ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಓದಿಸುವ ದುಡ್ಡು. ಇವತ್ತು ನಾನು ನಿನ್ನ ಮನೆಗೆ ಓದಿಸಿದರೆ ನಾಳೆ ನೀನು ನನ್ನ ಮನೆಗೆ ಓದಿಸಬೇಕು. ಇದು ಎಲ್ಲರಿಗೂ ಗೊತ್ತಿರುವುದೇ. ಅಕ್ಕನದು ಇದರ ಮೇಲೆ ಇನ್ನೊಂದು ಕಾನೂನು. ಬಂದದ್ದಕ್ಕಿಂತ ಒಂದು ರೂಪಾಯಿಯಾದರೂ ಜಾಸ್ತಿ ಹಾಕಿಯೇ ತಿರುಗಿಸಬೇಕು. ಕೊಟ್ಟಷ್ಟೇ ತಿರುಗಿಸಿದರೆ ಲೆಕ್ಕ ಚುಕ್ತಾ, ಚುಕ್ತಾ ಮಾಡಿಕೊಳ್ಳುವವರು ಜಗಳವಾಡಿದವರು ಮಾತ್ರ. ಒಂದು ರೂಪಾಯಿ ಬಾಕಿ ಇದ್ದರೆ ಆ ನೆಪಕ್ಕಾದರೂ ಜನ ಬರುತ್ತಾರೆ ಅಂತ ಅವಳ ವಾದ. ಒಂದು ರೂಪಾಯಿಗೆ ಯಾರು ಬರುತ್ತಾರೆ ಅಂತ ನಾನು ನಕ್ಕಿದ್ದೆ. ಬರುತ್ತಾರೆ. ಬಂದು ಇಡ್ಲಿಯನ್ನೂ ತಿಂದು ಹೋಗುತ್ತಾರೆ.

ಚೈತನ್ಯಳ ಗಂಡ ಗಂಗರಾಜು ಕುಣಿಗಲ್ಲಿನವನು. ಅವರಪ್ಪ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದವರು, ಹಾಗಾಗಿ ಇವನು ಸೈಕಲ್ಲಿಗೆ ಮುಂಚೆ ಕುದುರೆ ಹತ್ತಿದವನು. ಮಾತು ಬಹಳ ಕಡಿಮೆ. ಹೆಣ್ಣು ನೋಡಲು ಬಂದ ದಿನ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಇಡ್ಲಿಗೆ. ಮದುವೆಯಾದ ವರ್ಷದೊಳಗೆ ಐರ್ಲೆಂಡಿನ ಒಂದು ಲಾಯದಲ್ಲಿ ರೇಸ್ ಕುದುರೆ ಪಳಗಿಸುವ ಕೆಲಸ ಸಿಕ್ಕಿ ಹೋದ. ಅಲ್ಲಿನ ಕುದುರೆಗಳ ಹತ್ತಿರವೂ ಕನ್ನಡದಲ್ಲೇ ಮಾತಾಡುತ್ತಾನಂತೆ. ಅವುಗಳಿಂದ ಇದುವರೆಗೆ ದೂರು ಬಂದಿಲ್ಲ.

ಹೀಗೆ ಎರಡು ವರ್ಷ ಗಂಡ ಹೆಂಡತಿ ಫೋನಿನಲ್ಲೇ ಸಂಸಾರ ಮಾಡಿದರು. ಚೈತನ್ಯ ಹಿಟ್ಟು ರುಬ್ಬುವ ಮೆಷಿನ್ ಮುಂದೆ ಕೂತು, ಅಲ್ಲಿ ಬೆಳಗಾಗುವುದನ್ನು ಕಾಯುತ್ತಿದ್ದಳು. ಹುಡುಗಿ ಸೊರಗಿ ಕಡ್ಡಿಯಾದಳು.

ಕೊನೆಗೆ ಅವಳನ್ನು ಕರೆಸಿಕೊಳ್ಳಲು ಅರ್ಜಿ ಹಾಕುವುದು ಅಂತಾಯಿತು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ವೀಸಾ ಕಾಗದಪತ್ರ ಮಾಡಿಕೊಡುವ ಪ್ರದ್ಯುಮ್ನ ಅನ್ನುವವರ ಆಫೀಸಿದೆ. ಅಲ್ಲಿಗೆ ಮೂವರೂ ಹೋದೆವು. ಅಕ್ಕ ಒಂದು ಡಬ್ಬಿ ಚಟ್ನಿಪುಡಿ ತಂದಿದ್ದಳು. ಅವರು ವಿವರಿಸಿದರು. ಹೆಂಡತಿಗೆ ಗಂಡನೇ ಸ್ಪಾನ್ಸರ್, ಅವಳನ್ನು ಸಾಕುವಷ್ಟು ಆದಾಯ ತನಗಿದೆ ಅಂತ ಅವನು ತೋರಿಸಬೇಕು. ಸಂಬಳದ ಚೀಟಿ, ಲಾಯದವರ ಪತ್ರ, ಅಲ್ಲಿನ ಬ್ಯಾಂಕಿನ ಸ್ಟೇಟ್‌ಮೆಂಟು, ಇಲ್ಲಿನ ಬ್ಯಾಂಕಿನ ಸ್ಟೇಟ್‌ಮೆಂಟು. ಗಂಗರಾಜುವಿನ ಸಂಬಳ ನೋಡಿ, ಇದೇ ಸಾಕು, ಯೋಚನೆಯಿಲ್ಲ ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಾಗಿಲವರೆಗೆ ಕಳಿಸಲು ಬಂದವರು, ಇಲ್ಲಿನ ಅಕೌಂಟಿನಲ್ಲೂ ನಾಲ್ಕು ಕಾಸು ಕಂಡರೆ ಚೆನ್ನಾಗಿರುತ್ತೆ ಅಂತ ಮಾತಿಗೆ ಒಂದು ಮಾತು ಸೇರಿಸಿದರು.

ಅಕ್ಕನ ಕಿವಿಗೆ ಬಿದ್ದದ್ದು ಅದೊಂದೇ. ಅಳಿಯನ ಅಕೌಂಟು ಬರಿದಾಗಿ ಕಾಣುತ್ತದೆ ಅಂದರೆ ಅವಳಿಗೆ ಅಳಿಯ ಹರಿದ ಪಂಚೆ ಉಟ್ಟು ಹಸೆಮಣೆ ಮೇಲೆ ಕೂತ ಹಾಗೆ. ಚೈತನ್ಯಳ ಫೋನಿನಲ್ಲಿದ್ದ ಗಂಗರಾಜುವಿನ ಕ್ಯೂಆರ್ ಕೋಡನ್ನು ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಮೂಲೆಗೆ ಅರಿಶಿನ ಕುಂಕುಮ ಇಟ್ಟಳು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ನಿಟ್ಟೂರು, ಕಡಬ ಎಲ್ಲಾ ಸುತ್ತಿದಳು. ಇಷ್ಟು ವರ್ಷ ಇವಳ ಮುಯ್ಯಿ ಉಂಡವರು ಒಬ್ಬರೂ ಇಲ್ಲ ಅನ್ನಲಿಲ್ಲ. ಐನೂರು, ಸಾವಿರ, ಎರಡು ಸಾವಿರ ಅಂತ ಸ್ಕ್ಯಾನ್ ಮಾಡಿದರು. ಮದುವೆ ಯಾವಾಗ ಅಂತ ಒಬ್ಬರು ಕೇಳಿದರಂತೆ. ಮದುವೆ ಆಗೋಗೈತೆ, ಇದು ಸಂಸಾರಕ್ಕೆ ಅಂದಳಂತೆ. ಒಂದು ದಿನ ಆ ಕಾರ್ಡನ್ನು ಹೋಟೆಲ್ಲಿನ ಮೇಜಿನ ಮೇಲೆ ಮರೆತದ್ದಕ್ಕೆ ಯಾರೋ ಇಡ್ಲಿಯ ನಲವತ್ತು ರೂಪಾಯಿಯನ್ನೂ ಅದಕ್ಕೇ ಹಾಕಿ ಹೋದರು. ಎಲ್ಲಕ್ಕಿಂತ ದೊಡ್ಡದು ಅವಳದೇ. ಚೀಟಿ ಎತ್ತಿ ಬಂದ ನಲವತ್ತು ಸಾವಿರವನ್ನು ಸದ್ದಿಲ್ಲದೆ ಅದಕ್ಕೆ ಹಾಕಿದಳು.

ಇದಾವುದೂ ಚೈತನ್ಯಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೆಸೇಜುಗಳೆಲ್ಲ ಹೋಗಿದ್ದು ಗಂಗರಾಜುವಿನ ಫೋನಿಗೆ. ಅವನು ನೋಡಿದ್ದಾನೆ, ಅತ್ತೆ ಏನೋ ಮಾಡುತ್ತಿದ್ದಾರೆ ಅಂದುಕೊಂಡಿದ್ದಾನೆ, ಸುಮ್ಮನಾಗಿದ್ದಾನೆ. ಬ್ಯಾಂಕಿನಿಂದ ಸ್ಟೇಟ್‌ಮೆಂಟು ನೇರ ಪ್ರದ್ಯುಮ್ನರ ಆಫೀಸಿಗೆ ಹೋಯಿತು. ಅಲ್ಲಿ ಯಾರೋ ಅದನ್ನು ತೆರೆದೂ ನೋಡದೆ ಅರ್ಜಿಗೆ ಸೇರಿಸಿ ಕಳಿಸಿದರು.

ಕೆಲವು ವಾರಕ್ಕೆ ಆ ದೇಶದ ವೀಸಾ ಆಫೀಸಿನಿಂದ ಪತ್ರ ಬಂತು. ಪ್ರದ್ಯುಮ್ನ ಓದಿ ಹೇಳಿದರು. ಸ್ಪಾನ್ಸರ್‌ನ ಖಾತೆಗೆ ಇಷ್ಟು ಜನ ಯಾಕೆ ಹಣ ಹಾಕಿದ್ದಾರೆ, ಇವರು ಯಾರು, ಇದು ಸಾಲವೇ, ಉಡುಗೊರೆಯೇ, ವ್ಯಾಪಾರವೇ? ತಿಂಗಳೊಳಗೆ ಸಮಾಧಾನಕರ ಉತ್ತರ ಕೊಡದಿದ್ದರೆ ಅರ್ಜಿ ತಿರಸ್ಕಾರ. ಆಮೇಲೆ ಮೊದಲಿಂದ ಶುರು ಮಾಡಬೇಕು, ಇನ್ನೊಂದು ವರ್ಷ ಹಿಡಿಯಬಹುದು.

ಎಲ್ಲರೂ ಅಕ್ಕನನ್ನು ನೋಡಿದೆವು. ಸಾಲವಾ ಉಡುಗೊರೆಯಾ ಹೇಳಿ ಅಮ್ಮ, ಎರಡರಲ್ಲಿ ಒಂದು ಬರೀತೀನಿ ಅಂದರು ಪ್ರದ್ಯುಮ್ನ.

"ಸಾಲನೂ ಅಲ್ಲ, ಉಡುಗೊರೆನೂ ಅಲ್ಲ ಸಾರ್, ಮುಯ್ಯಿ" ಅಂದಳು ಅಕ್ಕ.

ಅವರು ಪೆನ್ನು ಕೆಳಗಿಟ್ಟರು. ಚೈತನ್ಯ ಅಳಲಿಲ್ಲ. ಹೊರಗೆ ಬಂದ ಮೇಲೆ ಬಸ್‌ಸ್ಟಾಪಿನಲ್ಲಿ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು. "ಚಿಕ್ಕಮ್ಮ, ಇನ್ನೊಂದ್ ವರ್ಷ ನನ್ ಕೈಲಿ ಆಗಲ್ಲ." ನಾನು ಅಕ್ಕನಿಗೆ ಬಾಯಿಗೆ ಬಂದದ್ದು ಅಂದೆ. ಗುಬ್ಬಿ ಬಸ್ಸು ಬರುವವರೆಗೂ ಅಂದೆ. ಬಸ್ಸು ಬಂತು, ಅಕ್ಕ ಹತ್ತಿ ಕೂತು ನನಗೂ ಸೇರಿಸಿ ಟಿಕೆಟ್ ತೆಗೆದುಕೊಂಡಳು. ನಾನು ಹೋಗಬೇಕಾಗಿದ್ದದ್ದು ತುಮಕೂರಿನಲ್ಲೇ ಇರುವ ನನ್ನ ಮನೆಗೆ.

ಪ್ರದ್ಯುಮ್ನ ದಾರಿ ಹೇಳಿದ್ದರು. ಯಾರು ಯಾರು ಎಷ್ಟು ಹಾಕಿದ್ದಾರೋ ಅಷ್ಟನ್ನು ಅದೇ ಖಾತೆಯಿಂದ ತಿರುಗಿ ಕಳಿಸಬೇಕು. ಪೈಸೆ ಹೆಚ್ಚುಕಡಿಮೆ ಆಗಬಾರದು. ಆಗ, ಇದು ನಮ್ಮ ದುಡ್ಡಲ್ಲ, ತಿಳಿಯದೆ ಹಾಕಿದ್ದರು, ವಾಪಸ್ ಮಾಡಿದ್ದೇವೆ, ಹುಡುಗನ ಸಂಬಳ ನೋಡಿ ಅಂತ ಬರೆಯಬಹುದು. ಸಂಬಳ ಮೊದಲಿಂದಲೂ ಸಾಕಾಗಿತ್ತು ಅನ್ನುವುದನ್ನು ಅವರು ಮತ್ತೊಮ್ಮೆ ಹೇಳಿದರು. ಆ ಹೊತ್ತಿಗೆ ಅದನ್ನು ಕೇಳಲು ಯಾರಿಗೂ ಇಷ್ಟವಿರಲಿಲ್ಲ.

ಗಂಗರಾಜು ಮೊದಲು ತೆಂಗಿನಕಾಯಿ ವ್ಯಾಪಾರದ ಚೌಡಪ್ಪನಿಗೆ ಎರಡು ಸಾವಿರ ವಾಪಸ್ ಕಳಿಸಿದ. ಸರಿಯಾಗಿ ಎರಡು ಸಾವಿರ. ಮಾರನೇ ಬೆಳಗ್ಗೆ ಚೌಡಪ್ಪ ಹೋಟೆಲ್ಲಿನ ಮುಂದೆ ಗಾಡಿ ನಿಲ್ಲಿಸದೆ ಹೋದ. ಹದಿನೈದು ವರ್ಷದಿಂದ ಅಲ್ಲೇ ತಿನ್ನುತ್ತಿದ್ದವನು ಆಚೆ ಬದಿಯ ಅಂಗಡಿಯಲ್ಲಿ ಉಪ್ಪಿಟ್ಟು ತಿಂದ. ಆ ಉಪ್ಪಿಟ್ಟನ್ನು ಜಗಳವಾಡಿದವರು ಬಿಟ್ಟರೆ ಬೇರೆಯವರು ತಿನ್ನುವುದಿಲ್ಲ. ಯಾವ ತಪ್ಪಿಗೆ ನನ್ನ ಲೆಕ್ಕ ಚುಕ್ತಾ ಮಾಡಿದಳು ಅಂತ ಕೇಳಿಕೊಂಡು ತಿರುಗಿದನಂತೆ.

ಅಕ್ಕ ಒಂದು ದಿನ ಒಲೆ ಹಚ್ಚಲಿಲ್ಲ. ಮಾರನೇ ದಿನ ಅಳಿಯನಿಗೆ ಫೋನ್ ಮಾಡಿಸಿದಳು. "ಎಲ್ಲಾರ್ಗೂ ಒಂದೊಂದ್ರೂಪಾಯಿ ಜಾಸ್ತಿ ಹಾಕ್ಬುಡಪ್ಪ" ಅಂದಳು. ಗಂಗರಾಜು ಹೂಂ ಅತ್ತೆ ಅಂದ. ಐನೂರು ಹಾಕಿದವರಿಗೆ ಐನೂರ ಒಂದು, ಸಾವಿರಕ್ಕೆ ಸಾವಿರದ ಒಂದು. ಇಡ್ಲಿ ತಿಂದವನಿಗೆ ನಲವತ್ತೊಂದು. ಚೌಡಪ್ಪನಿಗೆ ಬೇರೆಯಾಗಿ ಒಂದು ರೂಪಾಯಿ ಹೋಯಿತು. ಅವನು ಅವತ್ತು ಸಂಜೆಯೇ ಬಂದು, ಇಡ್ಲಿ ಮುಗಿದಿದೆ ಅಂದರೂ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಹೋದ.

ಹೊಸ ಸ್ಟೇಟ್‌ಮೆಂಟು ನೋಡಿದ ಪ್ರದ್ಯುಮ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದು ಲೆಕ್ಕವೂ ತಾಳೆಯಾಗುತ್ತಿಲ್ಲ, ಎಲ್ಲದರಲ್ಲೂ ಒಂದು ರೂಪಾಯಿ ಜಾಸ್ತಿ. ಇದನ್ನು ವೀಸಾ ಆಫೀಸಿನವರು ಬಡ್ಡಿ ಅಂತ ತಿಳಿದರೆ ಗತಿಯೇನು ಅಂದರು. ಆಮೇಲೆ ಅರ್ಧ ಪುಟ ಇಂಗ್ಲಿಷಿನಲ್ಲಿ ಮುಯ್ಯಿಯ ಬಗ್ಗೆ ಬರೆದರು. ಪಾಪ, ಅದಕ್ಕೆ ಅವರು ಬೇರೆ ಫೀಸು ತೆಗೆದುಕೊಳ್ಳಲಿಲ್ಲ. ಕೊನೆಗೆ ಬೆರಳಿಟ್ಟು ತೋರಿಸಿದರು. ಎಲ್ಲರದ್ದೂ ಹೋಗಿದೆ, ದೊಡ್ಡ ಮೊತ್ತ ಒಂದು ಹಾಗೇ ಉಳಿದಿದೆ. ನಲವತ್ತು ಸಾವಿರ, ಪುಟ್ಟತಾಯಮ್ಮ.

ಅದನ್ನು ವಾಪಸ್ ಕಳಿಸಬೇಡ ಅಂತ ಅಳಿಯನಿಗೆ ಅಕ್ಕನೇ ಹೇಳಿದ್ದಳಂತೆ. ನಾನು ರಜ ಹಾಕಿ ನಿಟ್ಟೂರಿಗೆ ಹೋದೆ. ಹಿಟ್ಟು ಹುಯ್ಯುತ್ತಿದ್ದಳು. ಉತ್ತರ ಕೊಡುವುದಕ್ಕೆ ಇನ್ನು ನಾಲ್ಕು ದಿನ ಇದೆ, ನಿನ್ನ ದುಡ್ಡು ನೀನು ತೆಗೆದುಕೊಳ್ಳುವುದಕ್ಕೆ ಏನು ಧಾಡಿ ಅಂತ ಕೂಗಾಡಿದೆ. ಊರಿಗೆಲ್ಲಾ ಬುದ್ಧಿ ಹೇಳೋಳು, ಹೆತ್ತ ಮಗಳ ಬಾಳಿಗೆ ಕಲ್ಲು ಹಾಕ್ತಿದೀಯಲ್ಲ ಅಂತಲೂ ಅಂದೆ. ಬೆಂಚಿನಲ್ಲಿದ್ದವರು ತಟ್ಟೆ ನೋಡುತ್ತಾ ತಿಂದರು.

ಅಕ್ಕ ತಟ್ಟೆಗಳನ್ನೆಲ್ಲ ತುಂಬಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಆಮೇಲೆ ತಿರುಗಿದಳು.

"ಊರೋರೆಲ್ಲ ಇಲ್ಲೇ ಇರೋರು ಕಣೇ. ಚುಕ್ತಾ ಆದ್ರೂ ಬೀದೀಲಿ ಸಿಗ್ತಾರೆ. ಇವ್ಳು ಅಷ್ಟ್ ದೂರ ಹೋಗೋಳು. ನನ್ನ ಲೆಕ್ಕನೂ ಮುಗಿಸ್ಬುಟ್ರೆ ಇವ್ಳು ಯಾಕ್ ಬರ್ತಾಳೆ?"

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ತಾಯಿ ಮಗಳ ನಡುವೆ ಎಂಥ ಮುಯ್ಯಿ ಅಕ್ಕ ಅನ್ನಬೇಕೆಂದುಕೊಂಡವಳು ಬ್ಯಾಗನ್ನು ಬೆಂಚಿನ ಮೇಲಿಟ್ಟು ಅವಳ ಪಕ್ಕಕ್ಕೆ ಹೋಗಿ ನಿಂತೆ. ಮೆಷಿನ್ನಿನ ಹಿಂದೆ ಚೈತನ್ಯ ಕೂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಫೋನ್ ಹಿಡಿದು ಹಿತ್ತಲಿಗೆ ಹೋದಳು.

ನಾವು ಇಡ್ಲಿ ಇಳಿಸುತ್ತಿದ್ದೆವು. ಹೋಟೆಲ್ಲಿನಲ್ಲಿ, ದುಡ್ಡು ಬಂದರೆ ಕೂಗಿ ಹೇಳುವ ಸಣ್ಣ ಡಬ್ಬಿಯೊಂದಿದೆ. ದಿನವೆಲ್ಲ ನಲವತ್ತು ರೂಪಾಯಿ, ಎಂಬತ್ತು ರೂಪಾಯಿ ಅಂತ ಕೂಗುತ್ತಿರುತ್ತದೆ, ಯಾರೂ ತಲೆಯೆತ್ತುವುದಿಲ್ಲ. ಅವತ್ತು ಅದೇ ದನಿಯಲ್ಲಿ, ನಲವತ್ತು ಸಾವಿರದ ಒಂದು ರೂಪಾಯಿ ಬಂದಿದೆ ಅಂತ ಕೂಗಿತು. ಬೆಂಚಿನಲ್ಲಿದ್ದ ಒಬ್ಬ, ನಾನಲ್ಲ ಅಂದ.

ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು. ಆವಿ ಮುಖಕ್ಕೆ ಹೊಡೆಯುತ್ತಿತ್ತು. "ಒಂದ್ರೂಪಾಯಿ ಜಾಸ್ತಿ ಹಾಕ್ಸವ್ಳೆ" ಅಂದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಆವಿ ಜಾಸ್ತಿ ಕಣೇ ಅಂದಳು. ನಾನು ಹೂಂ ಅಂದೆ. ನನಗೂ ಜಾಸ್ತಿಯಾಗಿತ್ತು.

ಉತ್ತರ ಹೋಯಿತು. ಆ ಅರ್ಧ ಪುಟ ಓದಿದ ಆಫೀಸರಿಗೆ ಏನು ಅರ್ಥವಾಯಿತೋ ನಮಗೆ ಗೊತ್ತಿಲ್ಲ, ಮತ್ತೇನೂ ಕೇಳಲಿಲ್ಲ. ಸಂಬಳ ಸಾಕು ಅಂತಾಯಿತು, ವೀಸಾ ಬಂತು. ಚೈತನ್ಯ ಹೊರಡುವ ದಿನ ಊರಿನವರು ಮತ್ತೆ ಮುಯ್ಯಿ ತಂದರು. ಈ ಸಲ ಎಲ್ಲರ ಮೇಲೂ ಒಂದೊಂದು ರೂಪಾಯಿ ಬಾಕಿ ಇತ್ತಲ್ಲ, ಒಬ್ಬರೂ ತಪ್ಪಿಸಲಿಲ್ಲ.

ಈಗ ಚೈತನ್ಯ ಮೈಕೈ ತುಂಬಿಕೊಂಡಿದ್ದಾಳೆ. ವೀಡಿಯೊದಲ್ಲಿ ಕುದುರೆಗಳನ್ನು ತೋರಿಸುತ್ತಾಳೆ, ಗಂಗರಾಜು ಹಿಂದೆ ನಿಂತು ತಲೆಯಾಡಿಸುತ್ತಾನೆ. ಆ ಒಂದು ರೂಪಾಯಿಯನ್ನು ಫೋನಿನಲ್ಲೇ ಕಳಿಸಿಬಿಡು ಅಂತ ನಾನು ಅಕ್ಕನಿಗೆ ಹೇಳಿ ನೋಡಿದೆ. ಅದನ್ನು ಕೈಗೇ ಕೊಡಬೇಕು ಅಂದಳು.

ಹೋದ ತಿಂಗಳು ನನ್ನನ್ನು ಕರೆದುಕೊಂಡು ಪ್ರದ್ಯುಮ್ನರ ಆಫೀಸಿಗೆ ಹೋದಳು. ಚಟ್ನಿಪುಡಿಯ ಡಬ್ಬಿ ಜೊತೆಗೆ ಹೊಸ ಪಾಸ್‌ಪೋರ್ಟೂ ಇತ್ತು. ಅವರು ಕಂಪ್ಯೂಟರಿನಲ್ಲಿ ಅರ್ಜಿ ತೆರೆದು, ಯಾರ ಹತ್ತಿರವೂ ಒಂದು ಪೈಸೆ ಹಾಕಿಸಿಕೊಳ್ಳಬೇಡಿ ಅಂತ ಮೊದಲೇ ಕೈಮುಗಿದು ಹೇಳಿದರು. ಆಮೇಲೆ, ಯಾಕೆ ಹೋಗ್ತಿದೀರಿ ಅಂತ ಬರೀಬೇಕು ಅಮ್ಮ ಅಂದರು.

"ಮಗಳಿಗೆ ಒಂದ್ರೂಪಾಯಿ ಕೊಡೋದೈತೆ ಸಾರ್" ಅಂದಳು ಅಕ್ಕ.

ಪ್ರದ್ಯುಮ್ನ ಕೀಬೋರ್ಡನ್ನು ಹತ್ತಿರ ಎಳೆದುಕೊಂಡರು. ಮಗಳನ್ನು ನೋಡುವುದಕ್ಕೆ ಅಂತ ಟೈಪ್ ಮಾಡಿದರು.