ಎಮ್ಮೆ ಸವೆಸಿದ ಒಡ್ಡು

ಬೀದರಿನಲ್ಲಿ ಬೆಳೆದ ನನಗೆ ಹೊಳೆಯ ರೂಢಿ ಇರಲಿಲ್ಲ. ಔರಾದ ತಾಲೂಕಿನ ಈ ಊರಿಗೆ ಸೊಸೆಯಾಗಿ ಬಂದ ಮರುದಿನವೇ ಅತ್ತೆ ನನ್ನನ್ನು ಮನೆಯ ಹಿಂದಿನ ಒಡ್ಡು ಹತ್ತಿಸಿ ಮಾಂಜ್ರಾ ಹೊಳೆ ತೋರಿಸಿದ್ದರು. ಹೊಳೆ ಊರೊಳಗೆ ನುಗ್ಗದಂತೆ ಹಿಂದಿನವರು ಹಾಕಿದ ಮಣ್ಣಿನ ಒಡ್ಡು ಅದು. ಅತ್ತೆ ದಿನವೂ ತಮ್ಮ ಎಮ್ಮೆಯನ್ನು ಅದರ ಮೇಲಿಂದ ದಾಟಿಸಿ ನೀರಿಗೆ ಬಿಡುತ್ತಿದ್ದರು. ಅದೇ ಜಾಗದಲ್ಲಿ ಓಣಿಯ ಉಳಿದ ದನಗಳೂ ದಾಟುತ್ತಿದ್ದವು.

ಒಂದು ಮಳೆಗಾಲ ಹೊಳೆ ತುಂಬಿ ಬಂತು. ಬೇರೆಲ್ಲ ಕಡೆ ಒಡ್ಡು ತಡೆಯಿತು. ಎಮ್ಮೆ ದಾಟುವ ತಗ್ಗಿನಲ್ಲಿ ಮಾತ್ರ ನೀರು ಈಚೆಗೆ ಇಳಿಯತೊಡಗಿತು. ಮಧ್ಯಾಹ್ನವೆಲ್ಲ ಓಣಿಯವರು ಉಸುಕಿನ ಚೀಲ ಹೊತ್ತರು. ತೊಗರಿ ತುಂಬಲೆಂದು ಇಟ್ಟಿದ್ದ ಚೀಲಗಳನ್ನೆಲ್ಲ ಅತ್ತೆ ತಂದು ಕೊಟ್ಟರು. ಸಂಜೆಗೆ ನೀರು ನಿಂತಿತಾದರೂ ನಮ್ಮ ಹಿತ್ತಲ ತುಂಬ ಕೆಸರು.

ಹೊಳೆ ಇಳಿದ ಮೇಲೆ ಒಡ್ಡು ದುರಸ್ತಿಗೆ ಭಾಲ್ಕಿಯಿಂದ ಒಬ್ಬ ವಯಸ್ಸಾದ ಮೇಸ್ತ್ರಿ ಬಂದರು. ಮನೆಯಲ್ಲಿ ದಖನಿ ಉರ್ದು ಆಡುವವರು, ಸಮಾಧಾನದ ಮನುಷ್ಯ.

"ಇಲ್ಲಿ ಸವದದ ನೋಡ್ರಿ ಅಮ್ಮಾ," ಎಂದರು. "ದನ ತುಳದು ತುಳದು ಹುಲ್ಲು ಹೋಗ್ಯಾದ. ಹುಲ್ಲು ಹೋದ್ರ ಮಳಿ ಮಣ್ಣು ತೊಳಕೊಂಡು ಹೋಗ್ತದ."

ಅತ್ತೆಗೆ ಸಿಟ್ಟು ಬಂತು. "ನಮ್ಮ ಎಮ್ಮಿ ಒಡ್ಡು ಕೆಡಿಸ್ಯಾದ ಅಂತೀರೇನ್ರಿ?"

"ಎಮ್ಮಿ ಒಂದೇ ಅಲ್ಲರಿ. ಹೆಗ್ಗಣ ತೂತು ಮಾಡ್ಯಾವ. ಜಾಲಿ ಬೇರು ಒಳಗ ಕೊಳತು ಪೊಳ್ಳ ಆಗ್ಯಾದ. ಎರಿ ಮಣ್ಣು ಬ್ಯಾಸಗ್ಯಾಗ ಬಿರೀತದ. ಆದ್ರ ಈ ಸಲ ನೀರು ಬಂದಿದ್ದು ಇಲ್ಲಿಂದೇ."

ಎರಡು ದಿನ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ, "ನಡಿ, ನೋಡ್ಕೊಂಡು ಬರಮು" ಎಂದು ನನ್ನನ್ನು ಎಬ್ಬಿಸಿದರು. ಒಡ್ಡಿನ ಉದ್ದಕ್ಕೂ ನಡೆದು, ಕಂಡ ತೂತಿಗೆಲ್ಲ ಹಳೆಯ ಸೀರೆಯ ಚಿಂದಿ ಕಟ್ಟಿದ ಕಡ್ಡಿ ಚುಚ್ಚಿದರು. ಮೇಸ್ತ್ರಿಯ ಆಳುಗಳು ಆ ಗುರುತು ಹಿಡಿದು ಅಗೆದು, ಹೊಸ ಮಣ್ಣು ತುಂಬಿ, ನೀರು ಚಿಮುಕಿಸಿ ಗುದ್ದಿ ಗಟ್ಟಿ ಮಾಡಿದರು. ತಗ್ಗನ್ನು ಎತ್ತರಿಸಿದರು. ದನಗಳಿಗೆಂದು ತುಸು ದೂರದಲ್ಲಿ ಕಲ್ಲು ಹಾಸಿದ ಬೇರೆ ಹಾದಿಯಾಯಿತು.

ಹುಲ್ಲು ಹಚ್ಚುವ ಕೆಲಸ ಮಾತ್ರ ಅತ್ತೆ ಯಾರಿಗೂ ಬಿಡಲಿಲ್ಲ. ಹೊಲದಿಂದ ಬುಟ್ಟಿಗಟ್ಟಲೆ ಗರಿಕೆ ತಂದು ನೆಡುತ್ತ, "ಜನ್ಮೆಲ್ಲಾ ಇದನ್ನ ಕಿತ್ತು ಒಗದೀನಿ, ಈಗ ನಾನೇ ಹಚ್ಲತ್ತೀನಿ" ಎಂದು ನಕ್ಕರು.

ಎಮ್ಮೆ ಒಪ್ಪಲಿಲ್ಲ. ಎಷ್ಟೋ ದಿನ ಹಳೆಯ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು. ಅತ್ತೆ ಅದರ ಕೊರಳು ತಡವಿ, "ನಡಿಯವ್ವಾ, ಸ್ವಲ್ಪ ಸುತ್ತ ಆಗ್ತದ ಅಷ್ಟೇ" ಎಂದು ಪುಸಲಾಯಿಸಿ ಕರೆದೊಯ್ಯುತ್ತಿದ್ದರು.

ಮುಂದಿನ ಮಳೆಗಾಲ ಹೊಳೆ ಮತ್ತೆ ಏರಿತು. ಅತ್ತೆ ಕೊಡೆ ಹಿಡಿದು ಒಡ್ಡಿನ ಈಚೆ ಬುಡದಲ್ಲಿ ನನ್ನನ್ನು ಕೂರಿಸಿಕೊಂಡರು. ಅಲ್ಲಿ ಸಣ್ಣಗೆ ನೀರು ಜಿನುಗುತ್ತಿತ್ತು. ನಾನು ಎದ್ದು ನಿಂತೆ.

"ಅಂಜಬ್ಯಾಡ," ಎಂದರು. "ತಿಳಿ ನೀರು ಜಿನುಗಿದ್ರ ಚಿಂತಿಲ್ಲ. ರಾಡಿ ನೀರು ಬಂದ್ರ ಒಳಗಿನ ಮಣ್ಣು ಹೋಗ್ಲತ್ತದ ಅಂತ ಅರ್ಥ. ಮೇಸ್ತ್ರಿ ಹೇಳ್ಯಾರ."

ಅಂಗೈಯಲ್ಲಿ ಹಿಡಿದು ನೋಡಿದೆ. ನೀರು ತಿಳಿಯಾಗಿತ್ತು.