ತೊಳೆದುಬಿಟ್ಟ ಮೂಲೆ

ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಅವಳಿಗೆ ಬೆಚ್ಚಮ್ಮ ಅಂತಲೇ ಹೆಸರು. ಹಿಂದೆ ನಿಂತು ಯಾರಾದರೂ ಕೆಮ್ಮಿದರೆ ಸಾಕು, ಕೈಯಲ್ಲಿದ್ದ ಹೊದಿಕೆ ನೆಲಕ್ಕೆ. ಲಿಫ್ಟೆಂದರೆ ಹೆದರಿಕೆ, ಅದಕ್ಕೇ ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತುವಳು. ಫೋನು ಬಡಿದುಕೊಂಡರೆ ಹೆದರಿಕೆ, ಬಡಿದುಕೊಳ್ಳದೆ ಸುಮ್ಮನಿದ್ದರೆ ಇನ್ನೂ ಹೆದರಿಕೆ. ಆದರೆ ಕೆಲಸಕ್ಕೆ ಆ ಹೆದರಿಕೆಯೇ ಒಳ್ಳೆಯದಾಯಿತು. ಕಲೆ ಉಳಿದರೆ ಯಾರು ಏನನ್ನುತ್ತಾರೋ ಅಂತ ಉಜ್ಜಿದ್ದನ್ನೇ ಉಜ್ಜುವಳು. ಅವಳ ಕೈ ದಾಟಿ ಹೋದ ಬಟ್ಟೆ ಹಾಲಿನ ಕೆನೆಯ ಹಾಗಿರುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಸೇರಿದ ಕೆಲಸ ಅದು. ಸೇರಿದಾಗ ಅಲ್ಲಿದ್ದ ಹಿರಿಯಾಕೆ ಒಂದೇ ಒಂದು ಪಾಠ ಹೇಳಿಕೊಟ್ಟಿದ್ದಳು. "ನೋಡು ತಾಯಿ, ಜೀವ ಹೋದ ಮಂಚದ್ದು ಏನೇ ಬರಲಿ, ಮೊದಲು ಕುದಿನೀರು, ಆಮೇಲೆ ಫಿನಾಯಿಲು, ಆಮೇಲೆ ಅಳು." ಬೆಚ್ಚಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಇಷ್ಟು ವರ್ಷ ನಡೆದಳು. ಬೇರೆ ಓದು ಅವಳಿಗೆ ಬರುತ್ತಿರಲಿಲ್ಲ.

ಮಗ ಲಾರಿ ಓಡಿಸುವವನು. ಅವನು ಕಟ್ಟಿಕೊಂಡು ಬಂದ ಹುಡುಗಿ ಹೊಲಿಗೆಯವಳು. ಮನೆಗೆ ಬಂದಾಗ ಅವಳ ಹಿಂದೆ ಒಂದು ಹೊಲಿಗೆ ಮಿಶಿನ್ನು, ಒಂದು ಮೊಲದ ಗೂಡು. ಗೂಡಿನಲ್ಲಿ ಎರಡು ಮೊಲ: ಬಿಳಿಯದು ಹತ್ತಿ, ಬೂದು ಬಣ್ಣದ್ದು ಬೂದಿ. ಬೆಚ್ಚಮ್ಮ ಮೊದಲ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದಳು.

"ಕಚ್ಚಲ್ಲ ಅತ್ತೆ, ಬನ್ನಿ. ನಿಮಗಿಂತ ಪುಕ್ಕಲು ಇವು," ಎಂದು ಸೊಸೆ ಕೈಹಿಡಿದು ಕರೆತಂದಳು.

ಆ ಮಾತು ಬೆಚ್ಚಮ್ಮನ ಮನಸ್ಸಿಗೆ ಹಿಡಿಸಿತು. ತನಗಿಂತ ಪುಕ್ಕಲಾದ ಜೀವವೂ ಲೋಕದಲ್ಲಿ ಉಂಟಲ್ಲ! ಇನ್ನೂ ಹಿಡಿಸಿದ್ದು ಅವುಗಳ ಅಚ್ಚುಕಟ್ಟು. ಗೂಡಿನ ಒಂದು ಮೂಲೆಯಲ್ಲಿ ಅಗಲವಾದ ಟ್ರೇ, ಅದರಲ್ಲಿ ಹಳೆ ಪೇಪರು, ಮೇಲೆ ಒಣಹುಲ್ಲು. ಉಚ್ಚೆ ಬಂದರೆ ಎಲ್ಲೇ ಇರಲಿ, ಓಡಿಬಂದು ಆ ಮೂಲೆಯಲ್ಲೇ. ಹುಲ್ಲು ಮೆಲ್ಲುತ್ತಾ ಮೆಲ್ಲುತ್ತಾ ಹಿಂದಿನಿಂದ ಹಿಕ್ಕೆ ಉದುರಿಸುವವು, ದುಂಡಗೆ, ಒಣಗಿ, ವಾಸನೆ ಅನ್ನುವುದೇ ಇಲ್ಲ.

"ಇವಕ್ಕಿರೋ ಬುದ್ಧಿ ನನ್ನ ಮಗನಿಗೆ ಬರೋಕೆ ಐದು ವರ್ಷ ಹಿಡೀತು," ಎಂದಳು ಬೆಚ್ಚಮ್ಮ.

"ಈಗಲೂ ಸ್ನಾನದ ಟವೆಲ್ಲು ಮಂಚದ ಮೇಲೇ ಬಿಸಾಕ್ತಾರೆ ಅತ್ತೆ. ಪೂರ್ತಿ ಬಂದಿಲ್ಲ."

ಅತ್ತೆ ಸೊಸೆ ಮೊದಲ ಸಲ ಜೊತೆಗೆ ನಕ್ಕದ್ದು ಹಾಗೆ.

ಆಮೇಲೆ ಸೊಸೆ ಬಸುರಿಯಾದಳು. ದಿನ ತುಂಬುವುದು ಇನ್ನೂ ದೂರವಿರುವಾಗಲೇ ಕಾಲು ಊದಿತು, ರಕ್ತದೊತ್ತಡ ಏರಿತು. ಬೆಚ್ಚಮ್ಮ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಡಾಕ್ಟರಮ್ಮ ಮಲಗಿಸಿದರು. "ಏಳುವ ಹಾಗಿಲ್ಲ. ಗಾಬರಿ, ದುಃಖ ಏನೂ ಹತ್ತಿರ ಸುಳಿಯಬಾರದು. ಎರಡು ಜೀವದ ಪ್ರಶ್ನೆ," ಎಂದರು. ಆ ಮಾತು ಕೇಳಿದಾಗಿನಿಂದ ಬೆಚ್ಚಮ್ಮನ ಎದೆಯೊಳಗೆ ಕಾದ ಕಲ್ಲೊಂದು ಕೂತಿತ್ತು. ಸೊಸೆ ಮಾತ್ರ ಹೇಳಿದ್ದು ಒಂದೇ: "ಅತ್ತೆ, ಮೊಲ ನಿಮ್ಮ ಮೇಲೆ."

ಒಂದು ಬೆಳಿಗ್ಗೆ ಹುಲ್ಲು ಹಾಕಲು ಹೋದರೆ ಹತ್ತಿ ಒಂದು ಪಕ್ಕಕ್ಕೆ ವಾಲಿ ಮಲಗಿತ್ತು. ಮುಟ್ಟಿದರೆ ತಣ್ಣಗೆ. ಬೆಚ್ಚಮ್ಮನ ಕೈಕಾಲೂ ತಣ್ಣಗಾದವು. ಬೂದಿ ಮರದ ಪೆಟ್ಟಿಗೆಯೊಳಗೆ ನಿದ್ದೆಯಲ್ಲಿತ್ತು. ಏನು ರೋಗವೋ, ಇದಕ್ಕೂ ತಗುಲಿದರೆ? ಯೋಚನೆ ಮಾಡುವ ಮೊದಲೇ ಕೈ ಕೆಲಸಕ್ಕಿಳಿದಿತ್ತು. ಹತ್ತಿಯನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಹಿತ್ತಿಲಲ್ಲಿ ಮಣ್ಣು ಮಾಡಿದಳು. ಬೂದಿಯನ್ನು ಬುಟ್ಟಿಗೆ ಹಾಕಿ ಗೂಡನ್ನು ಬಿಸಿಲಿಗೆ ಎಳೆದಳು. ಹುಲ್ಲನ್ನೆಲ್ಲ ಸುಟ್ಟಳು. ಗೂಡಿಗೆ, ಪೆಟ್ಟಿಗೆಗೆ, ಟ್ರೇಗೆ, ನೀರಿನ ಬಟ್ಟಲಿಗೆ ಮೊದಲು ಕುದಿನೀರು, ಆಮೇಲೆ ಫಿನಾಯಿಲು. ಮೂಗಿಗೆ ಇನ್ನೂ ಏನೋ ಬಡಿದ ಹಾಗಾಗಿ ಮತ್ತೊಮ್ಮೆ ಫಿನಾಯಿಲು. ಅಳು ಬಂದದ್ದು ಎಲ್ಲ ಒಣಗಿದ ಮೇಲೆಯೇ.

ಮಗನಿಗೆ ಫೋನು ಮಾಡಿದರೆ ದೂರದ ಯಾವುದೋ ರಸ್ತೆಯಲ್ಲಿದ್ದ. "ಅವಳಿಗೆ ಹೇಳಬೇಡಮ್ಮ, ದಮ್ಮಯ್ಯ. ಹೆರಿಗೆ ಆಗಲಿ," ಎಂದ.

ಅಂದಿನಿಂದ ಸುಳ್ಳಿನ ಸಂಸಾರ ಶುರುವಾಯಿತು. ಕೆಲಸ ಮುಗಿಸಿ ಮೇಲಿನ ಮಹಡಿಯ ವಾರ್ಡಿಗೆ ಹೋದರೆ ಸೊಸೆ ಕಣ್ಣರಳಿಸಿ ಕಾಯುತ್ತಿದ್ದಳು.

"ಹತ್ತಿ ಹೇಗಿದೆ ಅತ್ತೆ? ಬೂದಿ ತಲೆ ನೆಕ್ತಾ ಇರತ್ತಾ?"

"ನೆಕ್ಕತ್ತೆ, ನೆಕ್ಕತ್ತೆ."

"ಯಾಕೆ ಬೆವರ್ತಾ ಇದ್ದೀರಾ?"

"ಮೆಟ್ಟಿಲು ಕಣೆ."

ಇತ್ತ ಬೂದಿ ಬೇರೆಯೇ ಪ್ರಾಣಿಯಾಗಿಹೋಗಿತ್ತು. ಹೊಸದರ ಹಾಗೆ ಹೊಳೆಯುವ ಗೂಡಿನಲ್ಲಿ ಕಾಲಿಡಲು ಒಲ್ಲದು. ಹೊರಗೆ ಬಿಟ್ಟರೆ ಮನೆಯೆಲ್ಲ ಮೂಸುವುದು. ಮಿಶಿನ್ನಿನ ಕೆಳಗೆ, ಮಂಚದ ಕೆಳಗೆ, ಮತ್ತೆ ಮಿಶಿನ್ನಿನ ಕೆಳಗೆ. ಸಿಕ್ಕಸಿಕ್ಕಲ್ಲಿ ಉಚ್ಚೆ. ಬೆಚ್ಚಮ್ಮ ಬಕೆಟ್ಟು ಹಿಡಿದು ಅದರ ಹಿಂದೆ ಒರೆಸುತ್ತಾ ಹೋದಷ್ಟೂ ಅದು ಹೊಸ ಜಾಗ ಹುಡುಕುವುದು. ಬರಬರುತ್ತಾ ಹುಡುಕುವುದನ್ನೂ ಬಿಟ್ಟಿತು. ಗೋಡೆಗೆ ಮುಖ ಹಾಕಿ ಮುದುಡಿ ಕೂತಿತು. ಹುಲ್ಲು ಹಾಕಿದ್ದು ಹಾಕಿದಂತೆ. ಹಿಕ್ಕೆ ಮೊದಲು ಸಣ್ಣವಾದವು, ಆಮೇಲೆ ಸಾಸಿವೆಯಷ್ಟಾದವು. ಕೆಳಗೆ ಬಗ್ಗಿ ಅದರ ಉಸಿರು ನೋಡುವಾಗ ಬೆಚ್ಚಮ್ಮ ತನ್ನ ಉಸಿರು ಬಿಗಿಹಿಡಿಯುತ್ತಿದ್ದಳು. ಇದೂ ಹೋದರೆ ಯಾವ ಮುಖ ಹೊತ್ತು ಆ ಹುಡುಗಿಯ ಮುಂದೆ ನಿಲ್ಲುವುದು? ಅವಳಿಗೇನಾದರೂ ಆದರೆ? ಅವಳ ಹೊಟ್ಟೆಯೊಳಗಿನದಕ್ಕೆ?

ಬಟ್ಟೆಕೋಣೆಯಲ್ಲಿ ಇಸ್ತ್ರಿ ಮಾಡುವ ಮುದುಕನೊಬ್ಬನಿದ್ದ. ಎಲ್ಲರ ಬಾಯಲ್ಲೂ ಇಸ್ತ್ರಿ ಮಾವ. ಅವನ ಮುಂದೆ ಬೆಚ್ಚಮ್ಮ ಬಾಯಿಬಿಟ್ಟಳು.

"ಇಷ್ಟೇನಾ! ಬೇಕರಿಯವನ ಹತ್ರ ಒಂದು ಬಿಳೀ ಮೊಲ ಇದೆ. ತಂದು ಗೂಡಿಗೆ ಬಿಟ್ಟುಬಿಡು. ಅದಕ್ಕೂ ಜೊತೆ ಆಯ್ತು, ನಿನ್ನ ಸೊಸೆಗೂ ಲೆಕ್ಕ ಸರಿಹೋಯ್ತು."

"ಬೇರೆ ಮೊಲ ಅಂತ ಗೊತ್ತಾಗಲ್ವಾ ಮಾವ?"

"ಬಿಳೀದು ಬಿಳೀದೇ ಕಣಮ್ಮ. ದಿನಾ ಸಾವಿರ ಚಾದರ ಇಸ್ತ್ರಿ ಹಾಕ್ತೀನಿ, ಒಂದಕ್ಕೊಂದು ಗುರುತು ಸಿಗತ್ತಾ? ಹೋಗು ಹೋಗು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು ಅವನು. ಹೆದರಿದವಳಿಗೆ ಅಂಥವರ ಮಾತೇ ಆಧಾರ. ಬೆಚ್ಚಮ್ಮ ಬೇಕರಿಯವನನ್ನು ಕಾಡಿಬೇಡಿ ಮೊಲವನ್ನು ಚೀಲದಲ್ಲಿ ತಂದಳು. ನೇರ ಬೂದಿಯ ಗೂಡಿಗೆ ಬಿಟ್ಟು ಬಾಗಿಲು ಹಾಕಿದಳು.

ಒಂದು ಕ್ಷಣ ಎರಡೂ ಕಲ್ಲಾಗಿ ನಿಂತವು. ಮರುಕ್ಷಣ ಗೂಡೇ ಎಗರಿತು. ಎರಡೂ ಸೇರಿ ಒಂದೇ ಉಂಡೆಯಾಗಿ ಗಿರಗಿರನೆ ಸುತ್ತಿದವು. ಕೂದಲು ಅರಳೆಯ ಹಾಗೆ ಹಾರಿತು. ಬಿಳಿಯದು ಕಿರುಚಿತು. ಮೊಲಕ್ಕೆ ದನಿಯಿದೆ ಅಂತ ಬೆಚ್ಚಮ್ಮನಿಗೆ ಗೊತ್ತೇ ಇರಲಿಲ್ಲ. ಎಳೆಮಗು ಚೀರಿದ ಹಾಗಿತ್ತು. ಅವಳೂ ಚೀರಿದಳು. ದಪ್ಪ ಟವೆಲ್ಲು ಎಸೆದು, ಕಣ್ಣುಮುಚ್ಚಿ ಕೈ ಹಾಕಿ, ಸಿಕ್ಕಿದ್ದನ್ನು ಎಳೆದಳು. ಸಿಕ್ಕಿದ್ದು ಬಿಳಿಯದು. ಅದಕ್ಕೇನೂ ಆಗಿರಲಿಲ್ಲ, ಬೇಕರಿಗೇ ವಾಪಸಾಯಿತು. ಬೂದಿಯ ಕಿವಿಯಿಂದ ರಕ್ತ ಇಳಿಯುತ್ತಿತ್ತು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರು ಕಿವಿಗೆ ಔಷಧಿ ಹಚ್ಚಿದರು, ಹೊಟ್ಟೆ ಅಮುಕಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಗಂಟಿಕ್ಕಿತು.

"ಹಿಕ್ಕೆ ಯಾವಾಗಿಂದ ಹಾಕಿಲ್ಲ?"

"ನಿನ್ನೆಯಿಂದ ಸ್ವಾಮಿ."

"ಮೊಲದ ಹೊಟ್ಟೆ ನಿಂತರೆ ಮೊಲವೇ ನಿಂತ ಹಾಗಮ್ಮ. ಅರ್ಧ ದಿನ ತಿನ್ನದಿದ್ದರೇ ಓಡಿಬರಬೇಕಿತ್ತು." ಸೂಜಿ ಚುಚ್ಚಿದರು. ಹುಲ್ಲಿನ ಪುಡಿ, ಸೂಜಿಯಿಲ್ಲದ ಸಿರಿಂಜು ಕೊಟ್ಟು ಗಂಜಿ ಕುಡಿಸುವುದನ್ನು ತೋರಿಸಿದರು. "ಹೊಟ್ಟೆ ತಳ್ಳೋಕೆ ಔಷಧಿ ಕೊಟ್ಟಿದ್ದೀನಿ. ಆದರೆ ಇದು ಜೊತೆ ಕಳ್ಕೊಂಡ ಸಂಕಟ. ಇದನ್ನ ಸಾಕಿದ ಕೈ ಯಾವುದೋ, ಅವರನ್ನ ಕೇಳಿ. ಇದರ ಅಭ್ಯಾಸ ಅವರಿಗೇ ಗೊತ್ತಿರತ್ತೆ."

ಬೆಚ್ಚಮ್ಮ ಬುಟ್ಟಿ ತಬ್ಬಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಉಳಿಸಬಲ್ಲವಳು ಒಬ್ಬಳೇ. ಯಾರಿಗೆ ಹೇಳಬಾರದೋ ಅವಳೂ ಆ ಒಬ್ಬಳೇ. ಹೇಳಿದರೆ ಅಲ್ಲಿ ಭಯ, ಹೇಳದಿದ್ದರೆ ಇಲ್ಲಿ. ಬುಟ್ಟಿಯೊಳಗೆ ಬೂದಿ ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು, ನೋವಿನ ಸದ್ದು. ಅದನ್ನು ಕೇಳುತ್ತಾ ಕೂರಲು ಆಗಲಿಲ್ಲ.

ಮನೆಗೆ ಬಂದು, ಪಕ್ಕದ ಮನೆಯಾಕೆಯನ್ನು ಮೊಲದ ಹತ್ತಿರ ಕೂರಿಸಿ, ವಾರ್ಡಿಗೆ ಹೋದಳು. ನರ್ಸು ಒತ್ತಡ ನೋಡಿ "ಇವತ್ತು ಚೆನ್ನಾಗಿದೆ" ಎಂದು ಹೊರಟ ಮೇಲೆ ಸೊಸೆಯ ಕಾಲ ಬಳಿ ನಿಂತಳು.

"ಹತ್ತಿ ಹೋಯ್ತು ಕಣೆ ನನ್ನಮ್ಮ," ಎಂದುಬಿಟ್ಟಳು.

ಸೊಸೆ ಗೋಡೆಯ ಕಡೆ ತಿರುಗಿದಳು. ಬೆನ್ನು ಅಲುಗಿತು. ಬೆಚ್ಚಮ್ಮನಿಗೆ ಆ ಬೆನ್ನೊಂದೇ ಕಾಣುತ್ತಿತ್ತು. ನರ್ಸನ್ನು ಕೂಗಲೇ, ಓಡಲೇ, ಕಾಲು ಹಿಡಿಯಲೇ? ಮಂಚದ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಳು. ಗೋಡೆಯ ಕಡೆಯಿಂದಲೇ ದನಿ ಬಂತು.

"ಬೂದಿ ನೋಡ್ತಾ?"

"ಏನನ್ನ?"

"ಹತ್ತಿ ಸತ್ತಿದ್ದನ್ನ. ಮೂಸಿ ನೋಡೋಕೆ ಬಿಟ್ರಾ?"

"ಇಲ್ಲ ಕಣೆ. ಅದು ಏಳೋ ಮುಂಚೆ ಸುತ್ತಿ ಒಯ್ದುಬಿಟ್ಟೆ."

"ಗೂಡು?"

"ತೊಳೆದೆ."

"ಯಾವುದರಲ್ಲಿ?"

"ಫಿನಾಯಿಲು... ಎರಡು ಸಲ."

"ಟ್ರೇ ಇದ್ದ ಮೂಲೆ?"

"ಅದನ್ನೂ."

ಸೊಸೆ ಈ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು, ಸಿಟ್ಟೂ ಇತ್ತು. "ಅಯ್ಯೋ ಅತ್ತೆ! ಬೂದಿ ಪಾಲಿಗೆ ಹತ್ತಿ ಸತ್ತೇ ಇಲ್ಲ. ಕಾಣ್ತಾ ಇಲ್ಲ, ಅಷ್ಟೆ. ಮೂಸಿ ನೋಡಿದ್ರೆ ಹೋಯ್ತು ಅಂತ ತಿಳ್ಕೊಳ್ತಿತ್ತು. ಮೂಲೆ ವಾಸನೆಯನ್ನೂ ತೊಳೆದುಬಿಟ್ರಿ, ಉಚ್ಚೆ ಎಲ್ಲಿ ಹೊಯ್ಯಬೇಕು ಅಂತಲೂ ಗೊತ್ತಿಲ್ಲ ಅದಕ್ಕೆ. ಜೊತೆಯವಳೂ ಇಲ್ಲ, ತನ್ನ ಮನೆಯೂ ಇಲ್ಲ. ಹೆದರಿ ಸಾಯ್ತಾ ಇದೆ."

ಹೆದರಿ ಸಾಯುವುದು ಅಂದರೇನು ಅಂತ ಬೆಚ್ಚಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬೇಕರಿ ಮೊಲದ ಕಥೆಯನ್ನೂ ಹೇಳಿಬಿಟ್ಟಳು.

"ಇಸ್ತ್ರಿ ಮಾವನನ್ನ ಗೊತ್ತಿಲ್ಲದ ಆರು ಜನರ ಜೊತೆ ಒಂದು ಕೋಣೆಗೆ ಹಾಕಿ ಬಾಗಿಲು ಹಾಕಿದ್ರೆ ಅವರೂ ಕಚ್ಚಾಡ್ತಾರೆ! ಜೊತೆ ಬೇಕೇ ಬೇಕು ಅತ್ತೆ, ಮೊಲ ಒಂಟಿ ಬದುಕೋ ಜೀವ ಅಲ್ಲ. ಆದರೆ ಮೊದಲು ನಡುವೆ ಜಾಲರಿ ಇಟ್ಟು ವಾಸನೆ ಪರಿಚಯ ಆಗಬೇಕು. ಗಂಡೋ ಹೆಣ್ಣೋ ನೋಡಿ ಆಪರೇಷನ್ ಮಾಡಿಸಬೇಕು, ಇಲ್ಲಾಂದ್ರೆ ವರ್ಷ ತಿರುಗೋದರೊಳಗೆ ನಾವು ಮನೆ ಖಾಲಿ ಮಾಡಬೇಕಾಗತ್ತೆ. ಅದೆಲ್ಲ ಆಮೇಲೆ. ಈಗ ಕೇಳಿ." ಒಂದೊಂದಾಗಿ ಹೇಳಿದಳು. ಫಿನಾಯಿಲು ಮುಟ್ಟಬಾರದು. ನೆಲದಲ್ಲಿ ಎಲ್ಲಿ ಉಚ್ಚೆ ಮಾಡಿದೆಯೋ ಅದರಲ್ಲೇ ಪೇಪರು ಅದ್ದಿ ಟ್ರೇಗೆ ಹಾಕಬೇಕು, ಅದೇ ಅದಕ್ಕೆ ಗುರುತು. ಟ್ರೇ ಪಕ್ಕದಲ್ಲೇ ಹುಲ್ಲು. ಗಂಜಿ ಕುಡಿಸಿ ನೆಲದ ಮೇಲೆ ಹತ್ತಿರ ಕೂರಬೇಕು, ಎತ್ತಬಾರದು, ದಿಟ್ಟಿಸಬಾರದು. "ಕೆಳಗೆ ಬಗ್ಗಿ ಮೆತ್ತಗಿನ ಹಿಕ್ಕೆ ತಾನೇ ತಿಂದರೆ ಅಸಹ್ಯ ಪಟ್ಕೊಂಡು ಕಿತ್ಕೋಬೇಡಿ. ಅದು ಅದರ ಎರಡನೇ ಊಟ."

"ನಿನಗೆ... ಏನೂ ಆಗ್ತಾ ಇಲ್ಲ ತಾನೇ?"

"ಸಿಟ್ಟು ಬರ್ತಾ ಇದೆ. ಹೋಗಿ ಅತ್ತೆ, ಅದು ಒಂಟಿ ಇದೆ."

ಬೆಚ್ಚಮ್ಮ ರಜೆ ಹಾಕಿದಳು. ಉಜ್ಜುವ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೊಳೆಯ ಪಕ್ಕದಲ್ಲಿ ಕೂತಳು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಸಿರಿಂಜು ಹಿಡಿದಾಗ ಬೂದಿಯೂ ನಡುಗುವುದು, ಇವಳೂ ನಡುಗುವಳು; ಅರ್ಧ ಗಂಜಿ ಇಬ್ಬರ ಮೈಮೇಲೆ. ದಿಟ್ಟಿಸಬಾರದಲ್ಲ ಅಂತ ಗೋಡೆ ನೋಡುತ್ತಾ ಪಿಸುಪಿಸು ಮಾತಾಡಿದಳು, ಬಟ್ಟೆಕೋಣೆಯ ಸುದ್ದಿ, ಲಿಫ್ಟಿನ ಸುದ್ದಿ, ಗಂಡನ ಸುದ್ದಿ. ಸಂಜೆಗೆ ಏನೂ ಇಲ್ಲ. ಮರುದಿನ ಬೆಳಿಗ್ಗೆಯೂ ಟ್ರೇ ಬರಿದು. ಬೂದಿಯ ಕಿವಿ ಮುಟ್ಟಿದರೆ ತಣ್ಣಗಿತ್ತು. ಎರಡನೆಯ ಸಲ ಡಾಕ್ಟರ ಹತ್ತಿರ ಓಡಿದಳು, ಎರಡನೆಯ ಸೂಜಿ ಆಯಿತು. "ಕಾಯಬೇಕು," ಎಂದರು ಅವರು, ಕಣ್ಣು ತಪ್ಪಿಸಿ.

ಮಧ್ಯಾಹ್ನ ಕೂತಲ್ಲೇ ತೂಕಡಿಸಿದ್ದಳೋ ಏನೋ, ಅಂಗೈಗೆ ಒದ್ದೆ ಮೂಗು ತಾಗಿತು. ಬೆಚ್ಚಮ್ಮ ಆಗ ಮಾತ್ರ ಬೆಚ್ಚಲಿಲ್ಲ. ಬೂದಿ ಅವಳ ಸೀರೆ ಮೂಸಿತು, ಟ್ರೇ ಹತ್ತಿತು, ಒಂದು ಎಸಳು ಹುಲ್ಲು ಎಳೆದು ಬಾಯಾಡಿಸಿತು. ಅದು ಇಳಿದು ಹೋದ ಮೇಲೆ ಇವಳು ಮಂಡಿಯೂರಿ ನೋಡಿದಳು. ಪೇಪರಿನ ಮೇಲೆ ಪುಟ್ಟ ಪುಟ್ಟ ಹಿಕ್ಕೆ, ಒಂದು ಚಿಟಿಕೆಯಷ್ಟು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇಷ್ಟು ಸುಳ್ಳು ಹೇಳಿದ ಬಾಯಿ, ಸೊಸೆ ನಂಬಬೇಕಲ್ಲ? ಹಿಕ್ಕೆಯನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಆಸ್ಪತ್ರೆಯ ಬಾಗಿಲಲ್ಲಿ ಕಾಲು ತಡವರಿಸಿತು. ಹೊರಗಿನ ಧೂಳು ಕೂಡ ಒಳಗೆ ಬರಬಾರದು ಅಂತ ಇಷ್ಟು ವರ್ಷ ಹೆಣಗಿದವಳು, ಈಗ ಅದೇ ವಾರ್ಡಿಗೆ ಇದನ್ನು ಹೊತ್ತು! ಕುಂಬಳಕಾಯಿ ಕಳ್ಳನ ಹಾಗೆ ಹೆಜ್ಜೆಗೊಮ್ಮೆ ಸೊಂಟ ಮುಟ್ಟಿಕೊಳ್ಳುತ್ತಾ ಮೆಟ್ಟಿಲು ಹತ್ತಿದಳು.

ಸೊಸೆ ಪೊಟ್ಟಣ ಬಿಚ್ಚಿ ಅಂಗೈ ಮೇಲೆ ಸುರಿದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು, ಅಕ್ಕಸಾಲಿಗ ಚಿನ್ನದ ಗುಂಡು ಪರೀಕ್ಷೆ ಮಾಡುವ ಹಾಗೆ ಒಂದೊಂದನ್ನೂ ಉರುಳಿಸಿದಳು.

"ಸಣ್ಣವು. ಆದರೆ ದುಂಡಗಿವೆ. ಎಲ್ಲಿ ಹಾಕ್ತು?"

"ಟ್ರೇಯಲ್ಲೇ ಕಣೆ. ಮೂಲೆಯಲ್ಲೇ."

ಅಷ್ಟರಲ್ಲಿ ದೊಡ್ಡ ನರ್ಸಮ್ಮ ಒಳಗೆ ಬಂದರು. "ಏನಮ್ಮ ಅದು ಕೈಯಲ್ಲಿ?"

"ಕಾಳುಮೆಣಸು ಸಿಸ್ಟರ್," ಎಂದಳು ಸೊಸೆ, ಮುಖದ ಗೆರೆ ಅಲುಗದೆ. "ಗಂಟಲಿಗೆ ಅಂತ ಅತ್ತೆ ತಂದರು."

"ನನಗೂ ಎರಡು ಕೊಡಮ್ಮ, ಬೆಳಿಗ್ಗೆಯಿಂದ ಗಂಟಲು ಕೆರೀತಾ ಇದೆ."

ಬೆಚ್ಚಮ್ಮ ಮುನ್ನುಗ್ಗಿ ಸೊಸೆಯ ಅಂಗೈಯನ್ನು ತನ್ನೆರಡು ಕೈಯಲ್ಲೂ ಮುಚ್ಚಿದಳು. "ಇದು ಹಳೇದು ನರ್ಸಮ್ಮ! ಹುಳ ಬಿದ್ದಿದೆ! ನಾಳೆ ಹೊಸದು ತರ್ತೀನಿ!" ದನಿ ವಾರ್ಡಿನ ಆ ತುದಿಗೆ ಕೇಳಿಸಿತು. ನರ್ಸಮ್ಮ ಬೆಪ್ಪಾಗಿ ನೋಡಿ, ಒತ್ತಡದ ಪಟ್ಟಿಯನ್ನು ಸೊಸೆಯ ಇನ್ನೊಂದು ತೋಳಿಗೆ ಸುತ್ತಿದರು.

ಮೂವರೂ ಒತ್ತಡ ತೋರಿಸುವ ಮುಳ್ಳನ್ನೇ ನೋಡುತ್ತಿದ್ದರು. ಸೊಸೆ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು, ಕಣ್ಣಲ್ಲಿ ನೀರು. ಬೆಚ್ಚಮ್ಮನ ಕೈ ಅವಳ ಕೈಯ ಮೇಲೆ ಗಡಗಡ ನಡುಗುತ್ತಿತ್ತು.

"ನಿನ್ನೆಯಷ್ಟೇ ಇದೆ," ಎಂದು ನರ್ಸಮ್ಮ ಪಟ್ಟಿ ಬಿಚ್ಚಿದರು. "ನಿಮ್ಮದೂ ಒಂದ್ಸಲ ನೋಡಲಾ ಅಜ್ಜಿ?"

"ಬೇಡ ತಾಯಿ," ಎಂದು ಬೆಚ್ಚಮ್ಮ ಪೊಟ್ಟಣವನ್ನು ಮತ್ತೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮನೇಲಿ ಒಂದು ಜೀವ ಒಂಟಿ ಇದೆ, ನಾನು ಹೊರಟೆ."